ಅಪ್‌ಡೇಟ್: ಅಮಡೋರಿ ಸಂಯುಕ್ತದ ಇಳುವರಿ ಸುಧಾರಿಸಿದೆ

ಗ್ಲೂಕೋಸ್ ಮತ್ತು ಅಲನಿನ್ ಎಂಬ ಅಮೈನೋ ಆಮ್ಲವನ್ನು ಸೇರಿಸಿ ನೀರಿನಲ್ಲಿ ಕಾಯಿಸಿದಾಗ ಅಮಡೋರಿ ಸಂಯುಕ್ತ (ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ, ಕಂದು ಬಣ್ಣ ಬರುವ ಮೊದಲೇ ಹುಟ್ಟುವ ವಸ್ತು) ಅತ್ಯಲ್ಪವಾಗಿಯೂ ಕಂದು ಬಣ್ಣ ಹೇರಳವಾಗಿಯೂ ಬರುವುದೇಕೆ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಶಿರಸಿಯಿಂದ ವಂದನೆಗಳು.

ಹೆಚ್ಚು ಫಲ ಕೊಟ್ಟದ್ದು ನೀರನ್ನು ಹೊರತೆಗೆಯುವ ಸಲಹೆ. ಸಕ್ಕರೆಯೂ ಅಮೈನೋ ಆಮ್ಲವೂ ಕೂಡುವ ಮೊದಲ ಹಂತದಲ್ಲಿ ನೀರಿನ ಅಣುವೊಂದು ಬಿಡುಗಡೆಯಾಗುವುದರಿಂದ, ಸುತ್ತಲೂ ನೀರೇ ತುಂಬಿದ್ದರೆ ಆ ಸಮತೋಲನ ಹಿಂದಕ್ಕೇ ವಾಲುತ್ತದೆ. ನಿರ್ವಾತದಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರಾವಣವನ್ನು ಆವಿಯಾಗಿಸುತ್ತ ಹೋದಾಗ ಸಂಯುಕ್ತದ ಪ್ರಮಾಣ ಸ್ಪಷ್ಟವಾಗಿ ಏರಿತು. ಆಮ್ಲಗಳು ಹುಟ್ಟಿ ಪಿಎಚ್ ಇಳಿಯುತ್ತಿದ್ದುದರಿಂದ ಅದನ್ನು ತಟಸ್ಥಕ್ಕಿಂತ ತುಸು ಮೇಲೆ ಕಾಯ್ದುಕೊಂಡೆ. ಇಳಿದರೆ ಅಮೈನೋ ಗುಂಪು ಪ್ರೋಟಾನ್ ಹಿಡಿದು ನಿಷ್ಕ್ರಿಯವಾಗುತ್ತದೆ, ಬಹಳ ಏರಿದರೆ ಸಿದ್ಧವಾದ ಸಂಯುಕ್ತವೇ ಒಡೆಯತೊಡಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ 294 ಮತ್ತು 420 ನ್ಯಾನೋಮೀಟರ್ ತರಂಗಾಂತರಗಳಲ್ಲಿ ದ್ರಾವಣ ಬೆಳಕನ್ನು ಎಷ್ಟು ಹೀರುತ್ತದೆಂಬ ಅಳತೆ ನೆರವಾಯಿತು. ಮೊದಲನೆಯದು ಬಣ್ಣ ಬರುವ ಮುಂಚಿನ ಮಧ್ಯಂತರ ವಸ್ತುಗಳನ್ನೂ ಎರಡನೆಯದು ಕಂದು ಬಣ್ಣವನ್ನೂ ಸೂಚಿಸುತ್ತದೆ: ಎರಡನೆಯದು ಏರಲಾರಂಭಿಸಿದೊಡನೆ ಪಾತ್ರೆಯನ್ನು ಮಂಜುಗಡ್ಡೆಗೆ ಇಳಿಸುತ್ತೇನೆ. ಜೋನಿಬೆಲ್ಲ ಕಾಯಿಸುವವರು ಬಯಸುವ ಬಣ್ಣವೇ ಇಲ್ಲಿ ನಷ್ಟದ ಲೆಕ್ಕ.

ಸಲ್ಫೈಟ್ ಸೇರಿಸುವ ಸಲಹೆಯನ್ನು ಕೈಬಿಟ್ಟೆ. ಅದು ಕಂದಾಗುವುದನ್ನು ತಡೆಯುವುದು ನಿಜವಾದರೂ, ನಮ್ಮ ಉದ್ದೇಶ ಆಹಾರಕ್ಕೆ ಸುವಾಸನೆಯ ಪೂರ್ವದ್ರವ್ಯ ತಯಾರಿಸುವುದಾದ್ದರಿಂದ ಆ ಶೇಷ ಬೇಡವೆನಿಸಿತು.

ಉಳಿದಿರುವ ತೊಡಕು ಒಣಗಿಸಿದ ಪುಡಿಯದು. ಮಲೆನಾಡಿನ ಮಳೆಗಾಲದ ತೇವದಲ್ಲಿ ಅದು ನೋಡನೋಡುತ್ತಲೇ ಅಂಟಾಗುತ್ತದೆ. ಸದ್ಯಕ್ಕೆ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಜಾಡಿಯಲ್ಲಿಟ್ಟು ಶೀತಕದಲ್ಲಿ ಕಾಪಾಡುತ್ತಿದ್ದೇನೆ.