ಸಹಾಯ ಬೇಕು: ಅಂಗಾಲಿನ ಬೆವರಿಗೆ ಬೊಟಾಕ್ಸ್ ಹಾಕಿಸಿದರೆ ಎಷ್ಟು ತಿಂಗಳು ತಡೆಯುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ. ಹೈಸ್ಕೂಲಿನಿಂದಲೂ ನನಗೆ ಅಂಗಾಲು ವಿಪರೀತ ಬೆವರುತ್ತದೆ. ಸೆಕೆಗೆ ಅಂದುಕೊಳ್ಳಬೇಡಿ, ಡಿಸೆಂಬರ್ ಚಳಿಯಲ್ಲೂ ಇದೇ ಕಥೆ. ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ನಡೆದರೆ ಹೆಜ್ಜೆ ಹೆಜ್ಜೆಗೂ ಒದ್ದೆ ಗುರುತು. ಹವಾಯಿ ಚಪ್ಪಲಿಯಲ್ಲಿ ಮೆಟ್ಟಿಲು ಇಳಿಯೋಕೇ ಭಯ, ಕಾಲು ಒಳಗೇ ಜಾರುತ್ತದೆ. ಕೆಲಸಕ್ಕೆ ಶೂ ಕಡ್ಡಾಯ, ಸಂಜೆ ಸಾಕ್ಸ್ ಹಿಂಡಬೇಕು.

ಥೈರಾಯ್ಡ್, ಶುಗರ್ ಎರಡೂ ನಾರ್ಮಲ್. ರಾತ್ರಿ ಹಚ್ಚುವ 20% ಅಲ್ಯೂಮಿನಿಯಂ ಕ್ಲೋರೈಡ್ ಲೋಷನ್ ಹಚ್ಚಿದೆ. ಉರಿ ಬಂತೇ ಹೊರತು ಬೆವರು ನಿಲ್ಲಲಿಲ್ಲ. ನೀರಿನ ಟ್ರೇಯಲ್ಲಿ ಕಾಲಿಟ್ಟು ಸಣ್ಣಗೆ ಕರೆಂಟ್ ಬಿಡುತ್ತಾರಲ್ಲ, ಅಯಾಂಟೋಫೋರೆಸಿಸ್, ಅದು ಸ್ವಲ್ಪ ಕೆಲಸ ಮಾಡಿತು. ಆದರೆ ವಾರಕ್ಕೆ ಹಲವು ಸಲ ಹೋಗಬೇಕು, ರಜೆ ಯಾರು ಕೊಡುತ್ತಾರೆ?

ಈಗ ಚರ್ಮದ ಡಾಕ್ಟರು ಬೊಟಾಕ್ಸ್ ಇಂಜೆಕ್ಷನ್ ಹೇಳಿದ್ದಾರೆ. ನರದಿಂದ ಬೆವರು ಗ್ರಂಥಿಗೆ ಹೋಗುವ ಸಿಗ್ನಲನ್ನೇ ಅದು ತಡೆಯುತ್ತದಂತೆ. ಅಂಗಾಲಿನಲ್ಲಿ ಸಾಮಾನ್ಯವಾಗಿ 3ರಿಂದ 6 ತಿಂಗಳು, ಆಮೇಲೆ ಮತ್ತೆ ಹಾಕಿಸಬೇಕು ಅಂದರು. ನನ್ನ ಗೊಂದಲ ಇಲ್ಲೇ. ಕಂಕುಳಿಗೆ ಹಾಕಿಸಿದ ಗೆಳೆಯನಿಗೆ 6 ತಿಂಗಳು ದಾಟಿದರೂ ಒಣಗಿಯೇ ಇದೆ. ಪಾದದಲ್ಲಿ ಅದಕ್ಕಿಂತ ಬೇಗ ವಾಪಸ್ ಬರುತ್ತದೆ ಅಂತ ಇನ್ನೊಬ್ಬರು ಹೆದರಿಸಿದ್ದಾರೆ. 3 ತಿಂಗಳಿಗೊಮ್ಮೆ ಅಂದರೆ ವರ್ಷದ ಖರ್ಚು ಡಬಲ್ ಅಲ್ವಾ? ಅಂಗಾಲಿಗೆ ಸಾಲಾಗಿ ಸೂಜಿ ಚುಚ್ಚಿಸಿಕೊಳ್ಳುವ ನೋವು ಬೇರೆ.

ಅಂಗಾಲಿಗೇ ಹಾಕಿಸಿಕೊಂಡವರು ದಯವಿಟ್ಟು ಹೇಳಿ: ನಿಮಗೆ ಎಷ್ಟು ತಿಂಗಳು ಬೆವರು ನಿಂತಿತ್ತು? ಎರಡನೇ ಸಲ ಹಾಕಿಸಿದಾಗ ಜಾಸ್ತಿ ದಿನ ತಡೆಯಿತಾ, ಅಷ್ಟೇ ಇತ್ತಾ? ನೋವಿಗೆ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರಾ, ಬರೀ ಐಸ್ ಇಟ್ಟರಾ?