ಗುಲ್ಮದ (ಸ್ಪ್ಲೀನ್) ಲಿಂಫೋಮಾ: ಹಿಮೋಗ್ಲೋಬಿನ್ ಇಳಿದರೆ ಮಜ್ಜೆಯೋ, ಪ್ರತಿರಕ್ಷೆಯೋ?

ಶಿರಸಿ_ಲ್ಯಾಬ್: ಸ್ಪ್ಲೀನಿಕ್ ಮಾರ್ಜಿನಲ್ ಜೋನ್ ಲಿಂಫೋಮಾ (ಗುಲ್ಮದಲ್ಲಿ ನಿಧಾನವಾಗಿ ಬೆಳೆಯುವ ಒಂದು ಕ್ಯಾನ್ಸರ್) ಇರುವವರ ಹಿಮೋಗ್ಲೋಬಿನ್ ಒಂದೇ ತಿಂಗಳಲ್ಲಿ 10ರಿಂದ 7ಕ್ಕೆ ಇಳಿದಿದೆ, ಕಣ್ಣು ತುಸು ಹಳದಿ. ಇಲ್ಲಿಂದ ಯಾವ ಪರೀಕ್ಷೆ ಕಳಿಸಬೇಕು?

ಕಾರವಾರ_ಹೆಮಟಾಲಜಿ: ಕಣ್ಣು ಹಳದಿ ಅಂದಮೇಲೆ ಮೊದಲು ಕೆಂಪುಕಣ ಒಡೆಯುತ್ತಿದೆಯೇ ನೋಡಿ. ರೆಟಿಕ್ಯುಲೋಸೈಟ್ (ಹೊಸ ಕೆಂಪುಕಣದ ಎಣಿಕೆ), ಕಣ ಒಡೆತ ತೋರಿಸುವ ಎಲ್‌ಡಿಎಚ್, ಬಿಲಿರುಬಿನ್, ಹ್ಯಾಪ್ಟೋಗ್ಲೋಬಿನ್, ಮತ್ತು ಕೆಂಪುಕಣಕ್ಕೆ ಪ್ರತಿಕಾಯ ಅಂಟಿದೆಯೇ ನೋಡುವ ಡೈರೆಕ್ಟ್ ಕೂಂಬ್ಸ್. ಕೂಂಬ್ಸ್‌ನಲ್ಲಿ ಐಜಿಜಿ (ಒಂದು ಬಗೆಯ ಪ್ರತಿಕಾಯ), ಸಿ3ಡಿ (ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನಿನ ತುಣುಕು) ಬೇರೆ ಬೇರೆ ಕೇಳಿ. ಐಜಿಜಿ ಇದ್ದರೆ ಸಾಮಾನ್ಯವಾಗಿ ಸ್ಟೀರಾಯ್ಡ್‌ಗೆ ಬಗ್ಗುತ್ತದೆ. ಸಿ3ಡಿ ಮಾತ್ರ ಬಂದರೆ ಕೋಲ್ಡ್ ಅಗ್ಲುಟಿನಿನ್ (ತಂಪಿನಲ್ಲಿ ಕೆಂಪುಕಣ ಗುಂಪುಗಟ್ಟಿಸುವ ಪ್ರತಿಕಾಯ) ಶಂಕಿಸಿ, ಅಲ್ಲಿ ಸ್ಟೀರಾಯ್ಡ್ ಹೆಚ್ಚು ನಡೆಯುವುದಿಲ್ಲ. ರೆಟಿಕ್ ಏರಿಲ್ಲವೆಂದು ಒಡೆತವೇ ಇಲ್ಲ ಅಂದುಕೊಳ್ಳಬೇಡಿ. ಮಜ್ಜೆಯಲ್ಲಿ ಲಿಂಫೋಮಾ ತುಂಬಿದ್ದರೆ ಅದು ಏರಲಾರದು.

ಕುಮಟಾ_ರಕ್ತನಿಧಿ: ಕೋಲ್ಡ್ ಅಗ್ಲುಟಿನಿನ್ ಸ್ಯಾಂಪಲ್ ದಯವಿಟ್ಟು ಐಸ್ ಬಾಕ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಬೇಡಿ. ತಂಪಿನಲ್ಲಿ ಪ್ರತಿಕಾಯ ಕಣಗಳಿಗೆ ಅಂಟಿಕೊಂಡು ಸೀರಂ ಟೈಟರ್ (ಪ್ರತಿಕಾಯದ ಪ್ರಮಾಣ) ಸುಳ್ಳೇ ಕಡಿಮೆ ಬರುತ್ತದೆ. 37 ಡಿಗ್ರಿಯಲ್ಲೇ ಹೆಪ್ಪುಗಟ್ಟಿಸಿ, ಬೆಚ್ಚಗಿರುವಾಗಲೇ ಸೀರಂ ಬೇರ್ಪಡಿಸಿ ಕಳಿಸಿ. ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ಎಂಸಿವಿ (ಕೆಂಪುಕಣದ ಗಾತ್ರ), ಎಂಸಿಎಚ್‌ಸಿ (ಕೆಂಪುಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) ಎರಡೂ ವಿಪರೀತ ಏರಿ ಕೆಂಪುಕಣದ ಎಣಿಕೆ ಕುಸಿದಿದ್ದರೆ ಕಣ ಗುಂಪಾಗಿದೆ ಎಂದರ್ಥ; ಸಿಬಿಸಿಯ ನೇರಳೆ ಟ್ಯೂಬನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ ಮತ್ತೆ ಓಡಿಸಿ.

ಕಾರವಾರ_ಹೆಮಟಾಲಜಿ: ಸರಿಯಾದ ಮಾತು. ಇನ್ನೊಂದು: ಲಿಂಫೋಮಾಗೆ ಕೊಡುವ ರಿಟುಕ್ಸಿಮ್ಯಾಬ್ ಔಷಧಿಗೆ ಮೊದಲು ಹೆಪಟೈಟಿಸ್ ಬಿ ಸರ್ಫೇಸ್ ಆ್ಯಂಟಿಜೆನ್ ಜೊತೆ ಕೋರ್ ಆ್ಯಂಟಿಬಾಡಿ ಪರೀಕ್ಷೆಯೂ ಬೇಕೇ ಬೇಕು, ಅಡಗಿದ್ದ ವೈರಸ್ ಎದ್ದು ಲಿವರ್ ಕೆಡಿಸಬಹುದು. ಹೆಪಟೈಟಿಸ್ ಸಿ ಸಹ ನೋಡಿ. ಅದಿದ್ದರೆ ವೈರಸ್‌ಗೆ ಔಷಧಿ ಕೊಟ್ಟಾಗಲೇ ಕೆಲವರ ಲಿಂಫೋಮಾ ಕರಗುತ್ತದೆ. ಗುಲ್ಮ ತೆಗೆಯುವುದಾದರೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ) ಲಸಿಕೆ ಕನಿಷ್ಠ 2 ವಾರ ಮೊದಲೇ ಆಗಬೇಕು. ತೆಗೆದ ಮೇಲೆ 38 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಜೋಯಿಡಾದಂಥ ದೂರದ ಊರಿನವರ ಮನೆಯಲ್ಲಿ ವೈದ್ಯರು ಬರೆದುಕೊಟ್ಟ ಆ್ಯಂಟಿಬಯೋಟಿಕ್ ಇರಲಿ. ಮೊದಲ ಡೋಸ್ ನುಂಗಿಯೇ ಆಸ್ಪತ್ರೆಗೆ ಹೊರಡಲಿ.