ಡೆಪಾಸಿಟ್ ಕೇಸು ಆಸ್ಟಿನ್‌ನಲ್ಲೋ, ಸನ್ನಿವೇಲ್‌ನಲ್ಲೋ?

ಮಕ್ಕಳ ಸ್ಕೂಲು ಅಂತ ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದಿದ್ದೀರಿ, ಮೊದಲು ಬಾಡಿಗೆಗಿದ್ದ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಮನೆಯ ಓನರ್ 2,800 ಡಾಲರ್ ಡೆಪಾಸಿಟ್ ಕೊಡುತ್ತಿಲ್ಲ, ಇಲ್ಲೇ ಕೇಸು ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ, ದುಡ್ಡು ದಂಡ. ಟೆಕ್ಸಾಸ್ ಜೊತೆ ಯಾವ ವ್ಯವಹಾರವೂ ಇಲ್ಲದ ಮನುಷ್ಯನನ್ನು ಅಲ್ಲಿನ ಕೋರ್ಟು ಕರೆಸಲು ಆಗುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ 1945ರ ಇಂಟರ್‌ನ್ಯಾಷನಲ್ ಶೂ ತೀರ್ಪಿನಿಂದ ಬಂದ ಮಾತು ಇದು. ಮನೆ, ಓನರ್, ಅಗ್ರಿಮೆಂಟು ಎಲ್ಲ ಸನ್ನಿವೇಲ್‌ನಲ್ಲೇ ಇರುವಾಗ ಆ ಊರಿನ ಸಾಂಟಾ ಕ್ಲಾರಾ ಕೌಂಟಿ (ಅಂದರೆ ಜಿಲ್ಲೆ) ಕೋರ್ಟೇ ಸರಿಯಾದ ಜಾಗ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಫೆಡರಲ್ ಕೋರ್ಟಿಗೆ, ಅಂದರೆ ರಾಜ್ಯದ್ದಲ್ಲದ ಕೇಂದ್ರದ ಕೋರ್ಟಿಗೆ, ಹೋಗಿ ಅಂದಿದ್ದಾರೆ. ಬೇರೆ ಬೇರೆ ರಾಜ್ಯದವರು ಅನ್ನುವ ಕಾರಣಕ್ಕೆ ಅಲ್ಲಿಗೆ ಹೋಗಬೇಕಾದರೆ 75,000 ಡಾಲರ್‌ಗಿಂತ ಜಾಸ್ತಿಯ ಜಗಳ ಇರಬೇಕು. ಅದನ್ನು ಮರೆತುಬಿಡಿ.

ನಿಮಗೆ ಬೇಕಾದ್ದು ಸ್ಮಾಲ್ ಕ್ಲೈಮ್ಸ್, ಅಂದರೆ ಸಣ್ಣ ಮೊತ್ತದ ಜಗಳ ನೋಡುವ ಕೋರ್ಟು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಫೀಸು ಸಾಮಾನ್ಯವಾಗಿ 30ರಿಂದ 75 ಡಾಲರ್. ಎರಡೂ ಕಡೆ ಲಾಯರ್ ನಿಂತು ವಾದ ಮಾಡುವ ಹಾಗಿಲ್ಲ, ನಮ್ಮಂಥವರಿಗೆ ಅದೇ ದೊಡ್ಡ ಅನುಕೂಲ. ಎಚ್-1ಬಿ ಕೆಲಸದ ವೀಸಾದಲ್ಲಿ ಇದ್ದರೂ ಕೇಸು ಹಾಕುವ ಹಕ್ಕು ಇದೆ, ಅದಕ್ಕೆ ಹೆದರಬೇಡಿ.

ಮೊದಲು ದುಡ್ಡು ವಾಪಸ್ ಕೊಡಿ ಅಂತ ಓನರ್‌ಗೆ ಒಂದು ಪತ್ರ ಬರೆಯಿರಿ, ಕಾಪಿ ಇಟ್ಟುಕೊಳ್ಳಿ. ಮನೆ ಬಿಟ್ಟ 21 ದಿನದೊಳಗೆ ಅವರು ಡೆಪಾಸಿಟ್ ಕೊಡಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದೆ ಅಂತ ಲೆಕ್ಕ ಕೊಡಬೇಕು. ರಿಪೇರಿ, ಕ್ಲೀನಿಂಗ್ ಸೇರಿ 125 ಡಾಲರ್ ದಾಟಿದರೆ ಬಿಲ್ಲು ತೋರಿಸಬೇಕು. ಓಡಾಡಿ ಸವೆದ ಕಾರ್ಪೆಟ್ಟಿಗೆ ನಿಮ್ಮಿಂದ ದುಡ್ಡು ಕೀಳುವ ಹಾಗಿಲ್ಲ. ಮಗಳು ಗೋಡೆ ಮೇಲೆ ಕ್ರೇಯಾನ್‌ನಲ್ಲಿ ಬಿಡಿಸಿದ ಆನೆ ಬೇರೆ ವಿಷಯ, ಅದನ್ನು ಒಪ್ಪಿಕೊಂಡುಬಿಡಿ! ಓನರ್ ಬೇಕಂತಲೇ ಸತಾಯಿಸಿದ್ದಾರೆ ಅಂತ ಜಡ್ಜ್‌ಗೆ ಅನಿಸಿದರೆ, ಬರಬೇಕಾದ ದುಡ್ಡಿನ ಜೊತೆಗೆ ಡೆಪಾಸಿಟ್‌ನ ಎರಡರಷ್ಟರವರೆಗೆ ದಂಡವೂ ಹಾಕಬಹುದು.

ಕೇಸು ಹಾಕಿದ ಮೇಲೆ ಜನ ಎಡವುವುದು ಓನರ್‌ಗೆ ಕೋರ್ಟಿನ ನೋಟಿಸ್ ಕೊಡುವಾಗ. ನೀವೇ ಹೋಗಿ ಕೈಗಿಡುವ ಹಾಗಿಲ್ಲ. ಕೇಸಿಗೆ ಸಂಬಂಧ ಇಲ್ಲದ, 18 ದಾಟಿದ ಸ್ನೇಹಿತರು ಕೊಡಬಹುದು. ಓನರ್ ಅದೇ ಕೌಂಟಿಯಲ್ಲಿದ್ದರೆ ವಿಚಾರಣೆಗೆ 15 ದಿನ ಮೊದಲೇ ತಲುಪಿರಬೇಕು. ಆಮೇಲೆ ಕೊಟ್ಟವರು ಸಹಿ ಹಾಕಿದ ಫಾರಂ ಕೋರ್ಟಿಗೆ ಹೋಗಬೇಕು. ಇನ್ನೊಂದು ವಿಷಯ: ಕೇಸು ಹಾಕಿದವರು ಸೋತರೆ ಅಪೀಲು ಇಲ್ಲ, ಓನರ್ ಸೋತರೆ ಅವರಿಗೆ ಉಂಟು. ಅನ್ಯಾಯ ಅನಿಸುತ್ತೆ ಅಲ್ವಾ? ಅದಕ್ಕೇ ಫೋಟೊ, ಇಮೇಲ್ ಎಲ್ಲ ಮೊದಲ ದಿನವೇ ಕೈಯಲ್ಲಿರಲಿ.

ತಮ್ಮಿಂದ ಸಾಲ ತಗೊಂಡು ಬೆಂಗಳೂರಿಗೆ ಹೋದ ರೂಮ್‌ಮೇಟ್ ಮೇಲೆ ಅಮೆರಿಕದಲ್ಲಿ ಕೇಸು ಹಾಕಬಹುದಾ ಅಂತ ಕೇಳಿದ ಇನ್ನೊಬ್ಬರಿಗೆ: ನಿಮ್ಮದು ಕಷ್ಟ. ಪೋಸ್ಟಿನಲ್ಲಿ ನೋಟಿಸ್ ಕಳಿಸುವುದನ್ನು ಹೇಗ್ ಒಪ್ಪಂದದಡಿ (ಬೇರೆ ದೇಶಕ್ಕೆ ಕೋರ್ಟ್ ನೋಟಿಸ್ ತಲುಪಿಸುವ ಬಗ್ಗೆ ದೇಶಗಳು ಮಾಡಿಕೊಂಡದ್ದು) ಭಾರತ ಒಪ್ಪುವುದಿಲ್ಲ, ಭಾರತ ಸರ್ಕಾರದ ಮೂಲಕವೇ ಹೋಗಬೇಕು. ಗೆದ್ದರೂ ಅಮೆರಿಕದ ತೀರ್ಪು ಅಲ್ಲಿ ನೇರವಾಗಿ ಜಾರಿಯಾಗುವುದಿಲ್ಲ. ಅದನ್ನು ಆಧಾರ ಮಾಡಿಕೊಂಡು 3 ವರ್ಷದೊಳಗೆ ಭಾರತದಲ್ಲಿ ಹೊಸ ದಾವೆ ಹೂಡಬೇಕು. ಮೊತ್ತ ಸಣ್ಣದಾದರೆ ನೇರವಾಗಿ ಬೆಂಗಳೂರಿನ ವಕೀಲರನ್ನೇ ಒಮ್ಮೆ ಕೇಳಿ ನೋಡಿ.